ಪರಮೇಶಿಗೆ ಮನೆ ಹುಡುಕಿದ ಬಂಡೆಪ್ಪ

ಹಿಂಡಲಗಾ ಜೈಲಿನಲ್ಲಿ ಕಾವಲುಗಾರನಾಗಿ ಸೇರಿ, ಹೆಡ್ ವಾರ್ಡರ್ ಆಗಿ ನಿವೃತ್ತನಾದ ಬಂಡೆಪ್ಪನಿಗೆ ಒಂದು ಚಟ ಇತ್ತು. ಶಿಕ್ಷೆ ಮುಗಿಸಿ ಗಂಟು ಹಿಡಿದು ಹೊರಗೆ ಬಂದವರನ್ನು ಕಂಡರೆ ಸಾಕು, "ಎಲ್ಲಿಗೆ ಹೊಂಟಿ? ಅಲ್ಲಿ ಯಾರ ಅದಾರ? ಉಣ್ಣಾಕ ಯಾರ ಹಾಕ್ತಾರ?" ಎಂದು ವಿಚಾರಿಸುವುದು. ಹೀಗೆ ಕೇಳು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಉತ್ತರ ಸರಿ ಅನ್ನಿಸದಿದ್ದರೆ ಬಸ್ ಸ್ಟಾಪಿನವರೆಗೆ ಜೊತೆಗೆ ನಡೆದು ಇನ್ನೊಮ್ಮೆ ಕೇಳುತ್ತಿದ್ದ. ಒಮ್ಮೆ ಒಬ್ಬಾತ, "ಮಾವನ ಮನಿಗೆ ಹೊಂಟೇನ್ರಿ ಸಾಹೇಬ್ರ" ಅಂದ. ಬಂಡೆಪ್ಪ ನಗಲಿಲ್ಲ. "ಇಷ್ಟ ದಿನ ಅಲ್ಲೇ ಇದ್ದೆಲ್ಲೋ ತಮ್ಮಾ. ಇನ್ನರ ನಿಮ್ಮವ್ವನ ಮನಿಗೆ ಹೋಗು" ಎಂದು ಹೇಳಿ, ಅವನನ್ನು ಬೇರೆ ಬಸ್ಸು ಹತ್ತಿಸಿದ.

ನಿವೃತ್ತಿಯಾದ ಮೇಲೆ ಈ ಚಟಕ್ಕೆ ಗಿರಾಕಿಗಳಿಲ್ಲದೆ ಹೋಯಿತು. ಹಿಂದವಾಡಿಯ ಮನೆಯಲ್ಲಿ ಕೂತು ಅವನು ಹಾಲಿನವನನ್ನು, ಕೊರಿಯರ್‌ನವನನ್ನು, ಊಟ ಮುಗಿಸಿ ಹೊರಟ ನೆಂಟರನ್ನು ಗೇಟಿನಲ್ಲಿ ನಿಲ್ಲಿಸಿ ಕೇಳತೊಡಗಿದ. ನೆಂಟರು ಬರುವುದು ಕಡಿಮೆಯಾಯಿತು. ಅವನ ಹೆಂಡತಿ ಅಕ್ಕವ್ವನಿಗೆ ಇದರಿಂದ ಬೇಸರವೇನೂ ಆಗಲಿಲ್ಲ. ಪಾತ್ರೆ ತೊಳೆಯುವುದು ಉಳಿಯಿತು ಅಂದುಕೊಂಡಳು.

ಹೀಗಿರುವಾಗ ಅವನ ಬಾಳಿಗೆ ಒಂದು ಕುದುರೆ ಬಂತು.

ತಂದವನು ಅಕ್ಕವ್ವನ ತಮ್ಮ ಸುಜಯ. ಸುಜಯನದು ಮದುವೆ ಮೆರವಣಿಗೆಗಳಿಗೆ ಬ್ಯಾಂಡು, ಲೈಟು, ಕುದುರೆ ಒದಗಿಸುವ ಉದ್ಯೋಗ. ಅವನ ಹತ್ತಿರ ಇದ್ದ ಹಳೆಯ ಬಿಳಿ ಕುದುರೆಗೆ ವಯಸ್ಸಾಗಿ, ಮದುಮಗನನ್ನು ಹೊತ್ತುಕೊಂಡೇ ನಿದ್ದೆ ಹೋಗತೊಡಗಿದಾಗ, ಪುಣೆಯಿಂದ ನಿವೃತ್ತ ರೇಸ್ ಕುದುರೆಯೊಂದನ್ನು ತಂದ. ಎತ್ತರದ ಕಂದು ಕುದುರೆ. ಹಣೆಯ ಮೇಲೆ ವಿಭೂತಿ ಹಚ್ಚಿದಂತೆ ಬಿಳಿ ಪಟ್ಟಿ. ಹೆಸರು ಸಡನ್ ಪ್ರಮೋಶನ್. ಓಡಿದ ಒಂದು ರೇಸನ್ನೂ ಅದು ಗೆದ್ದಿರಲಿಲ್ಲ. ಉಳಿದ ಕುದುರೆಗಳ ಬಾಲ ನೋಡುತ್ತ ನೆಮ್ಮದಿಯಾಗಿ ಓಡಿ, ಕೊನೆಯದಾಗಿ ಬಂದು ನಿಲ್ಲುವುದು ಅದರ ಪದ್ಧತಿ. ಅಕ್ಕವ್ವನ ಬಾಯಲ್ಲಿ ಆ ಹೆಸರು ಹೊರಳಲಿಲ್ಲ. ಮೊದಲು ಪರ್ಮೋಶಿ ಆಯಿತು, ಸಂಜೆಯ ಹೊತ್ತಿಗೆ ಪರಮೇಶಿ ಆಯಿತು.

ಪರಮೇಶಿಯ ಮೊದಲ ಮೆರವಣಿಗೆ ನಡೆದದ್ದು ಬಂಡೆಪ್ಪನ ಅಣ್ಣನ ಮಗ ಸುಮಿತನ ಮದುವೆಯಲ್ಲಿ. ಬ್ಯಾಂಡು ಬಾರಿಸಿತು, ಪಟಾಕಿ ಹಾರಿತು, ಸುಮಿತನ ಗೆಳೆಯರು ರಸ್ತೆಯಲ್ಲೇ ಮಲಗಿ ಕುಣಿದರು. ಪರಮೇಶಿ ಇದನ್ನೆಲ್ಲ ಮರ್ಯಾದಸ್ಥನಂತೆ ನೋಡುತ್ತ ನಿಂತಿತ್ತು. "ನೋಡ್ರಿ ಮಾಮಾ, ಹೆಂಗ ಐತಿ ಶಿಸ್ತು!" ಎಂದು ಸುಜಯ ಬಂಡೆಪ್ಪನ ಬೆನ್ನು ತಟ್ಟಿದ. ಕಲ್ಯಾಣ ಮಂಟಪ ಎಡಗಡೆಗೆ ಕಾಣುತ್ತಿತ್ತು. ಬಾಗಿಲಲ್ಲಿ ಹೆಂಗಸರು ಆರತಿ ಹಿಡಿದು ನಿಂತಿದ್ದರು. ಅಷ್ಟರಲ್ಲಿ ಪಕ್ಕದ ಹಾರ್ಡ್‌ವೇರ್ ಅಂಗಡಿಯವನು ಮೆರವಣಿಗೆ ನೋಡೋಣವೆಂದು ಶಟರನ್ನು ಧಡಾರನೆ ಮೇಲಕ್ಕೆತ್ತಿದ.

ರೇಸಿನಲ್ಲಿ ಓಟ ಶುರುವಾಗುವುದೂ ಹೀಗೇ, ಮುಂದಿನ ಗೇಟು ಧಡಾರನೆ ತೆರೆದಾಗ. ಪರಮೇಶಿ ಕಿವಿ ಹಿಂದಕ್ಕೆ ಮಡಚಿ, ಸುಮಿತನನ್ನು ಹೊತ್ತುಕೊಂಡು ಓಡಿತು. ರೇಸಿನ ಬಯಲಿನಲ್ಲಿ ಅದು ಜೀವಮಾನವಿಡೀ ಬಲಕ್ಕೆ ತಿರುಗುತ್ತ ಓಡಿದ ಕುದುರೆ. ಮಂಟಪ ಎಡಕ್ಕಿದ್ದರೆ ಅದಕ್ಕೇನು? ಬಲಕ್ಕೆ ತಿರುಗಿತು. ಮತ್ತೆ ಬಲಕ್ಕೆ, ಮತ್ತೆ ಬಲಕ್ಕೆ. ಇಡೀ ಓಣಿ ಸುತ್ತಿ ಮಂಟಪದ ಎದುರಿಗೆ ಬಂತು. ಹೆಂಗಸರು ಆರತಿ ಎತ್ತಿದರು.

"ಅವ್ವಾ..." ಎಂದು ಕೂಗುತ್ತ ಸುಮಿತ ದಾಟಿ ಹೋದ.

ಎರಡನೆಯ ಸುತ್ತಿನಲ್ಲಿ, "ಈ ಕುದುರಿ..." ಎಂದ.

ಮೂರನೆಯ ಸುತ್ತಿನಲ್ಲಿ, "ನಿಂದ್ರಸ್ರೀ..." ಎಂದ. ಆಗ ಎಲ್ಲರಿಗೂ ವಾಕ್ಯ ತಿಳಿಯಿತು.

ಬ್ಯಾಂಡಿನವರು ಇದೂ ಕಾರ್ಯಕ್ರಮದ ಭಾಗವೆಂದು ತಿಳಿದು ಇನ್ನೂ ಜೋರಾಗಿ ಬಾರಿಸಿದರು. ಒಳಗಿನಿಂದ ಅಯ್ಯನವರು ಅಕ್ಷತೆಯ ಹೊತ್ತು ಮೀರುತ್ತಿದೆ ಎಂದು ಮೈಕಿನಲ್ಲಿ ಕೂಗುತ್ತಿದ್ದರು. ಮುಂದಿನ ಸುತ್ತಿಗೆ ಬಂಡೆಪ್ಪ ರುಮಾಲು ಸರಿಮಾಡಿಕೊಂಡು ರಸ್ತೆಯ ನಡುವೆ ಹೋಗಿ ನಿಂತ. ಬ್ಯಾರಕ್ಕುಗಳನ್ನೇ ನಡುಗಿಸಿದ ಗಂಟಲಿನಲ್ಲಿ, "ಹೇ! ನಿಲ್ಲು! ಎಲ್ಲಿಗೆ ಹೊಂಟಿ?" ಎಂದು ಗದರಿದ.

ಪರಮೇಶಿ ನಿಂತಿತು. ಅದನ್ನು ಯಾರೂ ಈವರೆಗೆ ಹಾಗೆ ಕೇಳಿರಲಿಲ್ಲವೋ ಏನೋ. ಸುಮಿತ ಮೆಲ್ಲಗೆ ಒಂದು ಕಡೆಗೆ ಜಾರಿ, ಬಾಸಿಂಗದ ಸಮೇತ ಚಿಕ್ಕಪ್ಪನ ತೋಳಿಗೆ ಬಿದ್ದ. ಗಾಬರಿಯಲ್ಲಿದ್ದ ಸೋದರತ್ತೆ ಕುದುರೆಗೇ ಕುಂಕುಮ ಹಚ್ಚಿ ಆರತಿ ಬೆಳಗಿಬಿಟ್ಟಳು.

ಮದುವೆಯೇನೋ ಆಯಿತು. ಮರುದಿನ ಸುಜಯ ಬಂದು ಜಗುಲಿಯ ಮೇಲೆ ಕೂತ. "ಇದನ್ನ ಇಟಗೊಂಡ್ರ ನನ್ನ ಧಂದೆ ಮುಳಗತೈತಿ ಮಾಮಾ. ಹೊರಗಿನ ಒಬ್ಬ ದಲಾಲಿ ಬಂದಾನ, ಒಯ್ತೇನಿ ಅಂತಾನ."

"ಎಲ್ಲಿಗೆ ಒಯ್ತಾನ?"

"ಹೇಳಿಲ್ರಿ."

"ಯಾರ ಮನ್ಯಾಗ ಇಡ್ತಾನ? ತಿನ್ನಾಕ ಏನ್ ಹಾಕ್ತಾನ?"

"ಮಾಮಾ, ಕೇಳಬ್ಯಾಡ ಅಂತ ಆಂವನ ಅಂದಾನ."

ಬಂಡೆಪ್ಪ ಚಹಾದ ಬಸಿ ಕೆಳಗಿಟ್ಟು ಎದ್ದ. ಕೇಳಬೇಡ ಅನ್ನುವ ಮಾತು ಅವನಿಗೆ ಆಗಿಬರುತ್ತಿರಲಿಲ್ಲ. ನೇರವಾಗಿ ಸುಜಯನ ಶೆಡ್ಡಿಗೆ ಹೋಗಿ ಕುದುರೆಯ ಹಗ್ಗ ಬಿಚ್ಚಿಕೊಂಡ. ಅಲ್ಲಿಂದ ಹಿಂದವಾಡಿಗೆ ಎಡಕ್ಕೆ ಒಂದೇ ತಿರುವು. ಆದರೆ ಪರಮೇಶಿಯನ್ನು ಎಡಕ್ಕೆ ಎಳೆದರೆ ಅದು ಬೇರುಬಿಟ್ಟಂತೆ ನಿಲ್ಲುತ್ತಿತ್ತು. ಎಡಕ್ಕೆ ಹೋಗಬೇಕಾದರೆ ಬಲಕ್ಕೇ ತಿರುಗುತ್ತ ಒಂದು ಸುತ್ತು ಹಾಕಿ ಬರಬೇಕು. ಹಾಗೆ ಸುತ್ತುವಾಗ ದಾರಿ ತಪ್ಪಿ ಒಂದೇ ಚಹಾದಂಗಡಿ ಮತ್ತೆ ಮತ್ತೆ ಎದುರಾಯಿತು. ಅಂಗಡಿಯ ಈರಣ್ಣ ಕೊನೆಗೆ ಹೊರಗೆ ಬಂದು, "ಅಣ್ಣಾರ, ನೀವು ಚಹಾ ಕುಡಿದ ಹೊರತು ಹೋಗೂದಿಲ್ಲಂತ ಗೊತ್ತಾತು, ಬರ್ರಿ ಕುಂದರ್ರಿ" ಎಂದು ಲೋಟ ಕೊಟ್ಟ.

ಮನೆಯ ಗೇಟಿನಲ್ಲಿ ಅಕ್ಕವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಏನ್ರೀ ಇದು?"

"ಪರಮೇಶಿ."

"ಹೆಸರು ನಾನ ಇಟ್ಟೇನಿ, ಗೊತ್ತೈತಿ. ಇಲ್ಲಿಗ್ಯಾಕ ಬಂದಾನ?"

"ಒಂದ ಚಲೋ ಮನಿ ಸಿಗೂತನಕ ಅಷ್ಟ. ದಲಾಲಿ ಕೈಯಾಗ ಕೊಡಾಕ ಮನಸ ಒಪ್ಪಲಿಲ್ಲ."

ಸ್ಕೂಟರು ಹೊರಗೆ ಬಂತು, ಪರಮೇಶಿ ಶೆಡ್ಡಿನೊಳಗೆ ಹೋಯಿತು. ಅದು ಮೊದಲ ದಿನವೇ ಅಂಗಳದಲ್ಲಿ ಕೋಲಿನ ಮೇಲೆ ಒಣಹಾಕಿದ್ದ ಶಾವಿಗೆಯನ್ನು ಎಳೆ ಎಳೆಯಾಗಿ ಎಳೆದು ತಿಂದಿತು. ಎರಡನೆಯ ದಿನ ಪಕ್ಕದ ಮನೆಯ ಕರಿಬೇವು ಮುಗಿಸಿತು. ಅಕ್ಕವ್ವ ಅದಕ್ಕೆ ಬೈದಳು, ಬಂಡೆಪ್ಪನಿಗೆ ಬೈದಳು, ಪುಣೆಗೂ ಬೈದಳು. ಆದರೆ ನಾಲ್ಕು ದಿನ ಕಳೆದ ಮೇಲೆ ಬಂಡೆಪ್ಪ ನೋಡಿದರೆ, ಅವಳು ತನ್ನ ಹೆರಳಿಗೆ ಎಣ್ಣೆ ಹಚ್ಚಿಕೊಂಡು, ಉಳಿದ ಎಣ್ಣೆಯನ್ನು ಕುದುರೆಯ ಜೂಲಿಗೆ ಸವರುತ್ತ, "ನೀನರ ಹೇಳಿದ್ದ ಕೇಳ್ತಿ, ಇವರು ಅದೂ ಇಲ್ಲ" ಎಂದು ಅದರ ಜೊತೆ ಸಂಸಾರದ ಮಾತಾಡುತ್ತಿದ್ದಳು.

ಬಂಡೆಪ್ಪ ಮನೆ ಹುಡುಕಲು ಶುರುಮಾಡಿದ. ಮೊದಲು ಬಂದವನು ಶಶಿಧರ. ಖಾನಾಪುರದ ಆಚೆ ಕಾಡಿನ ಅಂಚಿನಲ್ಲಿ ರಿಸಾರ್ಟ್ ಇಟ್ಟವನು. ಕಪ್ಪು ಕನ್ನಡಕ, ಕೈಯಲ್ಲಿ ಎರಡು ಫೋನು.

"ಬಾಗಿಲದಾಗ ನಿಲ್ಲಸೂದ್ರಿ ಅಂಕಲ್. ಬಂದವರು ಸೆಲ್ಫಿ ತಕ್ಕೋತಾರ. ಬ್ಯಾರೆ ಕೆಲಸಿಲ್ಲ."

"ಬಾಜೂಕ ಯಾರ ಇರ್ತಾರ?"

"ಸಿಸಿಟಿವಿ ಐತ್ರಿ."

"ಸಿಸಿಟಿವಿ ಹುಲ್ಲ ಹಾಕತೈತೇನು?"

"ಅದು ರೆಕಾರ್ಡ್ ಮಾಡತೈತ್ರಿ."

"ಯಾರೂ ಹುಲ್ಲ ಹಾಕಲಿಲ್ಲ ಅನ್ನೂದನ್ನ ರೆಕಾರ್ಡ್ ಮಾಡತೈತಿ. ನಡೀರಿ."

ಜಿಮ್ ನಡೆಸುವವನೊಬ್ಬ ಬಂದ. ಕುದುರೆಯ ಜೊತೆ ಓಡುತ್ತ ರೀಲ್ಸ್ ಮಾಡುತ್ತೇನೆ ಅಂದ. ಒಂದು ಸಲ ಓಡಿ ತೋರಿಸು ಎಂದು ಬಂಡೆಪ್ಪ ಹೇಳಿದ. ಆತ ಓಣಿಯ ತುದಿಯವರೆಗೆ ಓಡಿ ಎಡಕ್ಕೆ ತಿರುಗಿದ, ಪರಮೇಶಿ ಬಲಕ್ಕೆ ತಿರುಗಿತು, ಇಬ್ಬರೂ ಮತ್ತೆ ಭೇಟಿಯಾಗಲಿಲ್ಲ.

ಕಡೆಗೆ ಅಕ್ಕವ್ವನ ದೂರದ ಸಂಬಂಧಿಕ ಕಲ್ಲಯ್ಯ ಫೋನು ಮಾಡಿದ. ಖಾನಾಪುರ ತಾಲೂಕಿನ ಪಾರಿಶ್ವಾಡದಲ್ಲಿ ಅವನು ಒಂದು ಸಣ್ಣ ಮೈಲಾರಲಿಂಗನ ಗುಡಿಯ ಉಸ್ತುವಾರಿ ನೋಡುತ್ತಿದ್ದ. ಮೈಲಾರಲಿಂಗನಿಗೆ ಕುದುರೆಯೇ ವಾಹನ. ಗುಡಿಯ ಹಿಂದೆ ಬಯಲಿದೆ, ಹುಲ್ಲಿದೆ, ದೇವರ ಕುದುರೆ ಅಂದರೆ ಊರೆಲ್ಲ ನೋಡಿಕೊಳ್ಳುತ್ತದೆ ಎಂದ. ಬಂಡೆಪ್ಪ ಒಂದು ದಿನ ಮುಂಚೆಯೇ ಹೋಗಿ ನೀರಿನ ತೊಟ್ಟಿ, ನೆರಳು, ಬೇಲಿ ಎಲ್ಲ ನೋಡಿದ. ಬೇಲಿಯ ಗೂಟ ಅಲುಗಾಡಿಸಿ ನೋಡಿದ. ಮನಸ್ಸಿಗೆ ಬಂತು.

ಪಿಕಪ್ ಗಾಡಿಯಲ್ಲಿ ಪರಮೇಶಿ ಹೊರಟಿತು. ಖಾನಾಪುರದ ಬಸ್ಸು ಪಕ್ಕಕ್ಕೆ ಬಂದಾಗ ಅದು ಕಿಟಕಿಯೊಳಗೆ ಮುಖ ತೂರಿಸಿ, ಒಬ್ಬಾಕೆಯ ಮಡಿಲಲ್ಲಿದ್ದ ಮೆಂತ್ಯದ ಕಟ್ಟು ಎತ್ತಿಕೊಂಡಿತು. ಆಕೆ ಮರಾಠಿಯಲ್ಲಿ ಬೈದಳು, ಕಂಡಕ್ಟರು ಕನ್ನಡದಲ್ಲಿ ಬೈದ, ಬಂಡೆಪ್ಪ ಎರಡೂ ಭಾಷೆಯಲ್ಲಿ ಕ್ಷಮೆ ಕೇಳಿದ.

ಪಾರಿಶ್ವಾಡದಲ್ಲಿ ಇಳಿಸಿದ ಕೂಡಲೇ ಪರಮೇಶಿ ಗುಡಿಯ ಸುತ್ತ ನಡೆಯಿತು. ಬಲಕ್ಕೆ ತಿರುಗುತ್ತ, ದೇವರನ್ನು ಬಲಗಡೆಗೆ ಇಟ್ಟುಕೊಂಡು, ಒಂದು ಸುತ್ತು, ಇನ್ನೊಂದು ಸುತ್ತು. ಹೇಳಿಕೊಡದೆ ಪ್ರದಕ್ಷಿಣೆ ಹಾಕುವ ಕುದುರೆ! ಹಣೆಯ ಮೇಲೆ ಹುಟ್ಟುವಾಗಲೇ ಬಂದ ವಿಭೂತಿ ಬೇರೆ. ಕಲ್ಲಯ್ಯನ ಕಣ್ಣಲ್ಲಿ ನೀರು ಬಂತು. "ರೇಸಿನ್ಯಾಗ ಬಲಕ್ಕ ತಿರಗಿ ರೂಢಿ ಆಗೇತ್ರಿ ಅದಕ್ಕ" ಎಂದು ಬಂಡೆಪ್ಪ ಹೇಳಿದ. ಯಾರೂ ಕೇಳಿಸಿಕೊಳ್ಳಲಿಲ್ಲ.

ತೊಂದರೆ ಶುರುವಾದದ್ದು ಅಲ್ಲಿಂದಲೇ. ದೇವರಿಗೆ ಹೂ ಹಚ್ಚಿ ಕೇಳುವಾಗ ಬಲಗಡೆಯ ಹೂ ಬಿದ್ದರೆ ಆಗಲಿ ಎಂದರ್ಥ, ಎಡಗಡೆಯದು ಬಿದ್ದರೆ ಬೇಡ ಎಂದರ್ಥ. ಯಾರೋ ಒಬ್ಬರು ಹೂವಿನ ಬದಲು ಕುದುರೆಯನ್ನೇ ಕೇಳಿದರು. ಬೋರ್‌ವೆಲ್ ತೋಡಿಸಲೇ? ಕುದುರೆ ಬಲಕ್ಕೆ ತಿರುಗಿತು. ಇನ್ನೊಬ್ಬರು ಕೇಳಿದರು, ಅದಕ್ಕೂ ಬಲಕ್ಕೆ. ಸುತ್ತಲಿನ ಹಳ್ಳಿಗಳಿಂದ ಜನ ಬರತೊಡಗಿದರು. ಪರಮೇಶಿ ಒಬ್ಬರಿಗೂ ಇಲ್ಲ ಅನ್ನಲಿಲ್ಲ. ಪಂಚಾಯಿತಿ ಚುನಾವಣೆಗೆ ಒಂದೇ ವಾರ್ಡಿನಿಂದ ನಿಂತ ಐದೂ ಜನಕ್ಕೆ ಗೆಲುವಿನ ಭರವಸೆ ಸಿಕ್ಕಿತು. ಐದೂ ಜನ ಮುಂಚಿತವಾಗಿಯೇ ಪೇಢೆ ಹಂಚಿದರು. ಸಮೃದ್ಧಿ ಎಂಬ ಹುಡುಗಿಯನ್ನು ಕೇಳಲು ಬಂದಿದ್ದ ಎರಡು ಮನೆತನದವರು ಬೇರೆಬೇರೆಯಾಗಿ ಬಂದು ವಿಚಾರಿಸಿದರು. ಇಬ್ಬರಿಗೂ ಅದು ಬಲಕ್ಕೇ ತಿರುಗಿತು. ಎರಡೂ ಕಡೆಯವರು ಒಂದೇ ಹೊತ್ತಿಗೆ ಸೀರೆ, ಕುಪ್ಪಸ ಹಿಡಿದು ಅವಳ ಮನೆ ಬಾಗಿಲಿಗೆ ಬಂದರು. ಸಮೃದ್ಧಿ ಒಳಗಿನಿಂದ ಎದ್ದು ಎಲ್ಲರನ್ನೂ ದಾಟಿಕೊಂಡು ಸೀದಾ ಗುಡಿಗೆ ನಡೆದಳು. ಊರ ಮುಂದೆಯೇ ಕುದುರೆಯನ್ನು ಕೇಳಿದಳು: "ಇಬ್ಬರನೂ ಒಲ್ಲೆ ಅಂತ ಹೇಳ್ಲ್ಯಾ?"

ಪರಮೇಶಿ ಬಲಕ್ಕೆ ತಿರುಗಿತು.

"ಬಿ.ಎಡ್ ಮಾಡಾಕ ಧಾರವಾಡಕ್ಕ ಹೋಗ್ಲ್ಯಾ?"

ಮತ್ತೆ ಬಲಕ್ಕೆ.

ಊರಿನಲ್ಲಿ ಗದ್ದಲವೆದ್ದಿತು. ಅದೇ ಹೊತ್ತಿಗೆ ಪರಮೇಶಿಯ ಹೊಟ್ಟೆಯೂ ಎದ್ದಿತು. ಕೇಳಲು ಬಂದವರು ಬರಿಗೈಯಲ್ಲಿ ಬರುತ್ತಾರೆಯೇ? ಬಾಳೆಹಣ್ಣು, ಬೆಲ್ಲ, ಮಾದಲಿ, ಹೋಳಿಗೆ. ಹೊಟ್ಟೆ ಡೊಳ್ಳಿನಂತೆ ಉಬ್ಬಿ, ಕುದುರೆ ನೆಲಕ್ಕೆ ಬಿದ್ದು ಹೊರಳಾಡಿತು. ಖಾನಾಪುರದಿಂದ ಪಶುವೈದ್ಯೆ ಪ್ರಮಿಳಾ ಬಂದಳು. ಸೂಜಿ ಚುಚ್ಚಿದಳು, ಔಷಧಿ ಕುಡಿಸಿದಳು, ಅದನ್ನು ಎಬ್ಬಿಸಿ ನಡೆಸಿದಳು. ಕಲ್ಲಯ್ಯ ಪಥ್ಯ ಕೇಳಿದ.

"ಮುಂಜಾನೆ ಹುಲ್ಲು, ಸಂಜಿಗೆ ಹುಲ್ಲು. ನಡುವ ಭಕ್ತರು ಬ್ಯಾಡ."

ಭಕ್ತರಿಲ್ಲದ ಜಾಗ ಎಂದರೆ ಊರ ಹೊರಗಿನ ಪದ್ಮವ್ವನ ಹಟ್ಟಿ. ಪದ್ಮವ್ವನ ಮನೆತನ ತಲೆಮಾರುಗಳಿಂದ ಕುರಿ ಕಾಯುವವರು. ಗಂಡ ಬೀರಣ್ಣ ಈಗ ಖಾನಾಪುರದ ಬ್ಯಾಂಕಿನಲ್ಲಿ ಸಿಪಾಯಿ, ಅವಳು ಮಾತ್ರ ಕುರಿ ಬಿಟ್ಟಿರಲಿಲ್ಲ. ಡಾಕ್ಟರು ಕಳಿಸಿದ ಕುದುರೆಯನ್ನು ಅವಳು ಮೇಲಿಂದ ಕೆಳಗೆ ನೋಡಿ, "ನಮ್ಮಪ್ಪ ಕುರಿ ಹೊಡಕೊಂಡು ತಿರಗೂವಾಗ ಸಾಮಾನ ಹೊರಾಕ ಒಂದ ಕುದುರಿ ಇತ್ತು, ನನ್ನ ಸೊಂಟದಷ್ಟ. ಇದೇನ್ ಯವ್ವಾ, ನಿಚ್ಚಣಿಕಿ!" ಅಂದಳು.

ಸುದ್ದಿ ತಿಳಿದು ಬಂಡೆಪ್ಪ ಓಡಿಬಂದ. ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಿದ್ದ. ಬೇಲಿಯ ಗೂಟ ಅಲುಗಾಡಿಸಿ ನೋಡಿದವನು ಹೋಳಿಗೆಯ ವಿಚಾರ ಕೇಳಲೇ ಇಲ್ಲವಲ್ಲ ಎಂದು. ಕುದುರೆಯನ್ನು ವಾಪಸು ಒಯ್ಯುವುದೆಂದು ಹಗ್ಗ, ಪಿಕಪ್ಪು ಎರಡನ್ನೂ ತಂದಿದ್ದ. ಆದರೆ ಹಟ್ಟಿಯಲ್ಲಿ ಕುದುರೆಯೂ ಇರಲಿಲ್ಲ, ಕುರಿಯೂ ಇರಲಿಲ್ಲ. ಅಷ್ಟು ದೂರದ ಬಯಲಿನಲ್ಲಿ ಧೂಳು ಕಂಡಿತು. ಮುಂದೆ ಒಂದು ಮುದಿ ಟಗರು ಎದೆ ಉಬ್ಬಿಸಿ ನಡೆಯುತ್ತಿತ್ತು. ಆ ನಡಿಗೆಗೆ ಪದ್ಮವ್ವ ಅದನ್ನು ದೇಸಾಯಿ ಎಂದು ಕರೆಯುತ್ತಿದ್ದಳು. ಅದರ ಹಿಂದೆ ಕುರಿಗಳು. ಎಲ್ಲಕ್ಕಿಂತ ಹಿಂದೆ, ಎಲ್ಲಕ್ಕಿಂತ ಎತ್ತರಕ್ಕೆ, ತಲೆ ತಗ್ಗಿಸಿ ಪರಮೇಶಿ. ಬಂದ ದಿನವೇ ದೇಸಾಯಿ ಅದರ ಮೊಣಕಾಲಿಗೆ ಒಂದು ಗುದ್ದು ಕೊಟ್ಟು ಯಾರು ಯಜಮಾನ ಅನ್ನುವುದನ್ನು ತಿಳಿಸಿತ್ತು. ಅಂದಿನಿಂದ ಕುದುರೆಗೆ ಟಗರಿನ ಮೇಲೆ ಎಲ್ಲಿಲ್ಲದ ಅಕ್ಕರೆ. ಅದು ಕಣ್ಣಿಗೆ ಕಾಣದಿದ್ದರೆ ಹುಲ್ಲು ಮುಟ್ಟುತ್ತಿರಲಿಲ್ಲ.

ಕೆರೆಯ ದಾರಿ ಕವಲೊಡೆಯುವಲ್ಲಿ ದೇಸಾಯಿ ಎಡಕ್ಕೆ ಹೊರಳಿತು. ಕುರಿಗಳೆಲ್ಲ ಎಡಕ್ಕೆ ಹೊರಳಿದವು. ಪರಮೇಶಿ ಕವಲಿನಲ್ಲಿ ನಿಂತಿತು. ಬಲಕ್ಕೆ ನೋಡಿತು. ಎಡಕ್ಕೆ ನೋಡಿತು. ಒಮ್ಮೆ ಕೆನೆಯಿತು. ದೇಸಾಯಿ ತಿರುಗಿಯೂ ನೋಡಲಿಲ್ಲ. ಆಗ ಆ ಕುದುರೆ, ಬೆಳಗಾವಿಯ ಒಂದು ಮದುವೆ ಮೆರವಣಿಗೆ ಕೆಡಿಸಿ, ಪಾರಿಶ್ವಾಡದ ಒಂದು ಚುನಾವಣೆ ಕೆಡಿಸಿದ ಆ ಕುದುರೆ, ಒಂದು ಕಾಲು ಎತ್ತಿ, ಅನುಮಾನಿಸಿ, ಎಡಕ್ಕೆ ಇಟ್ಟಿತು.

ಬಂಡೆಪ್ಪ ಅಲ್ಲೇ ಫೋನು ತೆಗೆದು ಹೆಂಡತಿಗೆ ಹಚ್ಚಿದ. "ಏ ಕೇಳಿಲ್ಲಿ, ಎಡಕ್ಕ ತಿರಗ್ತು!"

"ಯಾವುದ್ರಿ, ಬಸ್ಸ?"

"ಪರಮೇಶಿ!"

ಅಕ್ಕವ್ವ, "ಹಂಗಾರ ಅಲ್ಲೇ ಬಿಟ್ಟ ಬರ್ರಿ" ಎಂದಳು. ಅವಳ ದನಿ ಒಡೆದಿತ್ತು. ನೆಗಡಿ ಎಂದು ಹೇಳಿ ಫೋನು ಇಟ್ಟಳು.

ಆದರೆ ಬಂಡೆಪ್ಪ ಹಾಗೆಲ್ಲ ಬಿಟ್ಟು ಬರುವವನಲ್ಲ. ಹಟ್ಟಿಯ ಮುಂದೆ ಕಂಬಳಿಯ ಮೇಲೆ ಕೂತು ಪದ್ಮವ್ವನ ವಿಚಾರಣೆ ಶುರುಮಾಡಿದ. ಮಳೆಗಾಲದಲ್ಲಿ ಎಲ್ಲಿ ಕಟ್ಟುತ್ತೀರಿ, ನೀರು ಎಲ್ಲಿಂದ, ಗೊರಸಿಗೆ ಯಾರು, ನೊಣ ಕಡಿದರೆ ಏನು. ಪದ್ಮವ್ವ ಉಣ್ಣೆ ನೂಲುತ್ತ ಒಂದೊಂದಕ್ಕೂ ಉತ್ತರ ಕೊಟ್ಟಳು. ಅವನ ಪ್ರಶ್ನೆಗಳು ಮುಗಿದ ಮೇಲೆ ತಕಲಿ ನಿಲ್ಲಿಸಿದಳು.

"ಈಗ ನಾ ಕೇಳ್ಲ್ಯಾರಿ? ನೀವು ಇದನ್ನ ನೋಡಾಕ ಯಾವಾಗ ಬರವ್ರು?"

"ನಾನ?"

"ಮತ್ತ್ಯಾರು? ಮನಿ ಕೊಡಿಸಿ ಮಾರಿ ತಿರುವಿ ಹೋಗವ್ರ ಭಾಳ ಮಂದಿನ್ನ ನೋಡೇನಿ. ಬರೂದಿದ್ರ ಇಟಗೋತೇನಿ. ಇಲ್ಲಂದ್ರ ನಿಮ್ಮ ನಿಚ್ಚಣಿಕಿ ನೀವು ಒಯ್ಯಿರಿ."

ಬಂಡೆಪ್ಪನನ್ನು ಜೀವಮಾನದಲ್ಲಿ ಯಾರೂ ಹೀಗೆ ತಡೆದು ಕೇಳಿರಲಿಲ್ಲ. ತಡವರಿಸಿದ. "ಗುರುವಾರ ಬರ್ಲ್ಯಾ?"

"ಯಾವ ಗುರುವಾರ?"

"ಎಲ್ಲಾ ಗುರುವಾರ."

"ಊಟ ಕಟಗೊಂಡ ಬರ್ರಿ. ನನ್ನ ರೊಟ್ಟಿ ನಿಮಗ ದಪ್ಪ ಆಕ್ಕಾವು."

ಹಗ್ಗ ಅಲ್ಲೇ ಉಳಿಯಿತು. ಖಾಲಿ ಪಿಕಪ್ಪು ಬೆಳಗಾವಿಗೆ ಹೋಯಿತು.

ಈಗ ಸುಜಯ ಮದುಮಗಂದಿರನ್ನು ಹೂವಿನಿಂದ ಸಿಂಗರಿಸಿದ ಟ್ರ್ಯಾಕ್ಟರಿನ ಮೇಲೆ ಮೆರೆಸುತ್ತಾನೆ. ಅದು ಎರಡೂ ಕಡೆಗೆ ತಿರುಗುತ್ತದೆ. ಸಮೃದ್ಧಿ ಧಾರವಾಡದಲ್ಲಿ ಓದುತ್ತಿದ್ದಾಳೆ. ಭರವಸೆ ಪಡೆದ ಐದು ಜನರಲ್ಲಿ ಗೆದ್ದವನು ಒಬ್ಬನೇ. ಅವನು ಕುದುರೆಗೆ ಒಂದು ಜರಿಯ ಹೊದಿಕೆ ಹೊದಿಸಲು ಬಂದಾಗ ದೇಸಾಯಿ ಅವನನ್ನು ತಿಪ್ಪೆಯವರೆಗೆ ಓಡಿಸಿತು.

ಬಂಡೆಪ್ಪ ಗುರುವಾರ ತಪ್ಪಿಸುವುದಿಲ್ಲ. ಇತ್ತೀಚೆಗೆ ಅಕ್ಕವ್ವನೂ ಜೊತೆಗೆ ಹೋಗುತ್ತಾಳೆ. ಅವಳು ಮತ್ತು ಪದ್ಮವ್ವ ನೆರಳಿನಲ್ಲಿ ಕೂತು ಗಂಡಂದಿರ ವಿಷಯ ಮಾತಾಡುತ್ತಾರೆ. ಬಂಡೆಪ್ಪ ಮಂದೆಯ ಹಿಂದೆ, ಪರಮೇಶಿಯ ಪಕ್ಕದಲ್ಲಿ, ಕೈ ಹಿಂದೆ ಕಟ್ಟಿಕೊಂಡು ನಡೆಯುತ್ತಾನೆ. ಇಬ್ಬರಿಗೂ ಎಲ್ಲಿಗೂ ಹೋಗುವ ಅವಸರವಿಲ್ಲ. ಸಂಜೆಯ ಬಸ್ಸಿನಲ್ಲಿ ಅವರ ಬಟ್ಟೆಯಿಂದ ಬರುವ ಕುರಿಯ ವಾಸನೆಗೆ ಮುಂದಿನ ಸೀಟಿನವರೂ ಹಿಂದಿನ ಸೀಟಿನವರೂ ಎದ್ದು ಬೇರೆ ಕಡೆಗೆ ಹೋಗುತ್ತಾರೆ. ಗಂಡ ಹೆಂಡತಿ ಇಬ್ಬರೂ ಒಂದೊಂದು ಕಿಟಕಿ ಹಿಡಿದು, ಕಾಲು ಚಾಚಿ, ಗಾಳಿ ಕುಡಿಯುತ್ತ ಬೆಳಗಾವಿಗೆ ಬರುತ್ತಾರೆ.